ಎರೆನಾಡಿನ ಮಿಲ್ಲುಗಳಲ್ಲಿ ಯಂತ್ರ ನಿಯಂತ್ರಕ: ದೋಷ ಕಾರ್ಡಿನದೋ, ಭೂಸಂಪರ್ಕದ್ದೋ?

ಇಜೇರಿ ಮೊದಲಾದ ಗ್ರಾಮಗಳ ಎರೆಭೂಮಿಯಲ್ಲಿ ಬೆಳೆಯುವ ತೊಗರಿಯು ನಮ್ಮ ಜಿಲ್ಲೆಯ ದಾಲ್ ಮಿಲ್ಲುಗಳಿಗೆ ಜೀವಾಳವಾಗಿದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಬಣ್ಣ ವಿಂಗಡಿಸುವ ಯಂತ್ರ, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್, ಇವನ್ನು ನಡೆಸುವ ಪಿಎಲ್‌ಸಿ ಇಂದು ಈ ಉದ್ಯಮದಲ್ಲಿ ಅಪರೂಪವಲ್ಲ.

ಇಂತಹ ಘಟಕಗಳ ಲೆಕ್ಕಪತ್ರ ಪರಿಶೀಲಿಸುವಾಗ, ಯಂತ್ರ ದುರಸ್ತಿ ಖಾತೆಯಲ್ಲಿ ‘ಕಮ್ಯುನಿಕೇಶನ್ ಕಾರ್ಡ್ ಬದಲಾವಣೆ’ ಎಂಬ ವೋಚರು ಮರುಕಳಿಸುವುದುಂಟು. ಹೊಸ ಕಾರ್ಡೂ ಕೆಲವೇ ತಿಂಗಳಲ್ಲಿ ಕೆಟ್ಟರೆ, ಕಾರಣವನ್ನು ಕಾರ್ಡಿನ ಹೊರಗೆ ಹುಡುಕುವುದು ಲೇಸು.

ಮೊದಲು ನೋಡಬೇಕಾದುದು ಅರ್ಥಿಂಗ್. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ತೇವವನ್ನು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಆಗ ಅರ್ಥಿಂಗ್ ಸರಳಿಗೂ ಮಣ್ಣಿಗೂ ನಡುವಣ ಸಂಪರ್ಕ ಸಡಿಲಗೊಂಡು ರೋಧ ಏರುತ್ತದೆ. ತೊಗರಿಯ ಸುಗ್ಗಿ ಮುಗಿದು ಮಿಲ್ಲುಗಳು ಬಿಡುವಿಲ್ಲದೆ ನಡೆಯುವ ತಿಂಗಳುಗಳೇ ಮಣ್ಣು ಒಣಗುವ ತಿಂಗಳುಗಳೂ ಹೌದು. ಆದ್ದರಿಂದ ಮಳೆಗಾಲದ ಅಳತೆಯೊಂದನ್ನೇ ನಂಬದೆ, ಏಪ್ರಿಲ್–ಮೇ ತಿಂಗಳಲ್ಲಿಯೂ ರೋಧವನ್ನು ಅಳೆಸುವುದು ಅವಶ್ಯಕ.

ಎರಡನೆಯದು ಸಂವಹನ ತಂತಿ. ಯಂತ್ರಗಳ ನಡುವೆ ಬಹುಬಳಕೆಯಲ್ಲಿರುವ ಆರ್‌ಎಸ್-485 ಪದ್ಧತಿಯು, ಎರಡು ತುದಿಗಳ ಭೂಮಟ್ಟದ ವ್ಯತ್ಯಾಸವೂ ಸೇರಿ, ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗಿನ ಸಾಮಾನ್ಯ ವೋಲ್ಟೇಜನ್ನಷ್ಟೇ ಸಹಿಸಬಲ್ಲದು. ಅದನ್ನು ಮೀರಿದರೆ ಸಂದೇಶ ತಪ್ಪುತ್ತದೆ, ಕಾರ್ಡೂ ಸುಡಬಹುದು. ತಂತಿಯ ಎರಡು ತುದಿಗಳಲ್ಲಿ ಮಾತ್ರ 120 ಓಮ್ ರೋಧಕಗಳಿರಬೇಕು. ವಿದ್ಯುತ್ ಕಡಿತಗೊಳಿಸಿ ಅಳೆದಾಗ ಸುಮಾರು 60 ಓಮ್ ತೋರಿದರೆ ಜೋಡಣೆ ಸರಿಯಿದೆಯೆಂದು ಭಾವಿಸಬಹುದು. 120 ತೋರಿದರೆ ಒಂದು ರೋಧಕವಿಲ್ಲ, ಇಲ್ಲವೇ ತಂತಿ ತುಂಡಾಗಿದೆ. ತಂತಿಯ ಲೋಹಕವಚವನ್ನು ಸಾಮಾನ್ಯವಾಗಿ ಪ್ಯಾನೆಲ್ ಕಡೆಯ ಒಂದೇ ತುದಿಯಲ್ಲಿ ಭೂಸಂಪರ್ಕಿಸುವುದು ರೂಢಿ. ಡ್ರೈವಿನಿಂದ ಮೋಟಾರಿಗೆ ಹೋಗುವ ಕೇಬಲ್ಲಿನೊಡನೆ ಅದನ್ನು ಒಂದೇ ಟ್ರೇಯಲ್ಲಿ ಎಳೆಯಲಾಗದು.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ‘ನಿಯಂತ್ರಕಕ್ಕೆ ಶುದ್ಧ ಅರ್ಥಿಂಗ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ಸರಳನ್ನು ನೆಟ್ಟು, ಮುಖ್ಯ ಅರ್ಥಿಂಗ್‌ಗೆ ಜೋಡಿಸದೆ ಬಿಡುವುದು ಅಪಾಯಕರ. ಸಿಡಿಲು ಅಥವಾ ವಿದ್ಯುತ್ ದೋಷದ ವೇಳೆ ಎರಡು ಲೋಹದ ಮೈಗಳ ನಡುವೆ ಪ್ರಾಣಾಂತಿಕ ವೋಲ್ಟೇಜು ಉಂಟಾಗಬಹುದು. ಅವುಗಳನ್ನು ಏಕಕಾಲಕ್ಕೆ ಮುಟ್ಟುವವನು ನಮ್ಮ ಕಾರ್ಮಿಕನೇ. ಸರಳುಗಳೆಷ್ಟಿದ್ದರೂ ಅವೆಲ್ಲವೂ ಪರಸ್ಪರ ಬೆಸೆದಿರಬೇಕು. ಭೂಸಂಪರ್ಕದ ಭಾರತೀಯ ಮಾನಕ ಐಎಸ್ 3043 ಆಗಿದ್ದು, ಈ ಕಾರ್ಯವನ್ನು ಪರವಾನಗಿ ಹೊಂದಿದ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

ಕೊನೆಯದಾಗಿ ಲೆಕ್ಕದ ಮಾತು. ವೋಚರಿನಲ್ಲಿ ಮೊತ್ತದೊಡನೆ ದೋಷ ಕಂಡ ದಿನಾಂಕ, ವೇಳೆ, ಆಗ ಚಾಲನೆಗೊಂಡ ಮೋಟಾರು ಯಾವುದು ಎಂಬುದನ್ನೂ ಬರೆದಿಡಿರಿ. ವರ್ಷಾಂತ್ಯದಲ್ಲಿ ಕಾರ್ಡುಗಳ ಬೆಲೆಗೆ ಮಿಲ್ಲು ನಿಂತ ಗಂಟೆಗಳ ಕೂಲಿ ಹಾಗೂ ತಪ್ಪಿದ ಉತ್ಪಾದನೆಯ ನಷ್ಟವನ್ನು ಸೇರಿಸಿ, ಸುಸ್ಥಿತಿಯ ಅರ್ಥಿಂಗ್ ವೆಚ್ಚದೊಡನೆ ಹೋಲಿಸಿರಿ. ಮುಂದಿನ ಕಾರ್ಡಿಗೆ ಆದೇಶ ನೀಡುವ ಮುನ್ನ ಈ ಹೋಲಿಕೆ ಮಾಲೀಕರ ಮೇಜಿನ ಮೇಲಿರುವುದು ಒಳಿತು.