ಉಚಿತ ಶಿಬಿರ ಮತ್ತು ಬಿಳಿ ಕೋಟಿನ ವಿದ್ಯಾರ್ಥಿ

ಕಾಯ್ಕಿಣಿ, ಭಟ್ಕಳದ ಕಡೆ ದೊಡ್ಡ ಆಪರೇಷನ್ ಅಂದರೆ ಜನರ ಬಾಯಿಗೆ ಮೊದಲು ಬರುವುದು ಮಣಿಪಾಲ. ಹೊನ್ನಾವರ, ಕುಮಟಾದವರಿಗೆ ಆ ದಾರಿ ಇನ್ನೂ ದೂರ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ತೀರಿಕೊಂಡರು. ಇಂಥ ಸೀಮೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆಯ ಬ್ಯಾನರ್ ಕಂಡರೆ ಜನ ಸೇರದೆ ಇರುತ್ತಾರೆಯೇ? ಶಿಬಿರದ ಜೊತೆ ವೈದ್ಯಕೀಯ ವಿದ್ಯಾರ್ಥಿಗಳೂ ಬರುತ್ತಾರೆ. ಅವರ ಬಗ್ಗೆ ಊರವರಿಗೂ, ಅವರಿಗೇ ತಮ್ಮ ಬಗ್ಗೆಯೂ ಇರುವ ಕೆಲವು ತಪ್ಪು ಎಣಿಕೆಗಳನ್ನು ತಿದ್ದಬೇಕಾಗಿದೆ.

ತಪ್ಪು ಕಲ್ಪನೆ: ಶಿಬಿರದಲ್ಲಿ ವಿದ್ಯಾರ್ಥಿಗಳೇ ಆಪರೇಷನ್ ಮಾಡಿ ಕೈ ಪಳಗಿಸಿಕೊಳ್ಳುತ್ತಾರೆ.

ವಾಸ್ತವ: ಹಾಗೆ ಮಾಡುವಂತಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ವೈದ್ಯವೃತ್ತಿ ನಡೆಸುವುದು ಅಪರಾಧ. ಇಂಟರ್ನ್‌ಗಳಿಗೆ ಸಿಗುವುದೂ ತಾತ್ಕಾಲಿಕ ನೋಂದಣಿ; ಹಿರಿಯ ವೈದ್ಯರ ಉಸ್ತುವಾರಿಯಲ್ಲೇ ಅವರ ಕೆಲಸ. ರೋಗಿ ದುಡ್ಡು ಕೊಟ್ಟಿಲ್ಲ ಎಂದು ಈ ನಿಯಮ ಸಡಿಲವಾಗದು. ವಿದೇಶದಿಂದ ಬರುವ ವಿದ್ಯಾರ್ಥಿಗಳಿಗೂ ಇದೇ ಮಾತು. ತಮ್ಮ ದೇಶದಲ್ಲಿ ಮುಟ್ಟಲು ಬಿಡದ ಕೆಲಸವನ್ನು ಬಡವರ ಮೈಮೇಲೆ ಕಲಿಯುವುದು ಸೇವೆಯಲ್ಲ, ಅನ್ಯಾಯ.

ತಪ್ಪು ಕಲ್ಪನೆ: ಕತ್ತರಿ ಹಿಡಿಯದ ವಿದ್ಯಾರ್ಥಿಯಿಂದ ಏನು ಉಪಯೋಗ?

ವಾಸ್ತವ: ಕಣ್ಣಿನ ಪೊರೆಯ ಶಿಬಿರವನ್ನೇ ನೋಡಿ. ಶಾಲೆಯ ಜಗುಲಿಯಲ್ಲಿ ಆರು ಮೀಟರ್ ದೂರಕ್ಕೆ ಚಾರ್ಟ್ ತೂಗುಹಾಕಿರುತ್ತಾರೆ. ಅಕ್ಷರ ಬಾರದ ಅಜ್ಜಿಯ ಒಂದು ಕಣ್ಣು ಮುಚ್ಚಿಸಿ, ಗೆರೆಗಳು ಯಾವ ಕಡೆ ತೆರೆದಿವೆ ಎಂದು ಬೆರಳಲ್ಲಿ ತೋರಿಸಲು ಹೇಳಬೇಕು. ಬಿಪಿ, ಶುಗರ್ ನೋಡಬೇಕು. "ಏನು ಮಾತ್ರೆ ತಗೋತೀರಿ ಅಜ್ಜಿ?" ಎಂದರೆ "ಬೆಳಿಗ್ಗೆ ಒಂದು ಬಿಳಿ ಗುಳಿಗೆ ನುಂಗ್ತೆ" ಎನ್ನುತ್ತಾಳೆ. ಅಷ್ಟಕ್ಕೆ ಬಿಡದೆ ಅವಳ ಕೈಚೀಲದಿಂದ ಗುಳಿಗೆಯ ಚೀಟಿ ತೆಗೆಸಿ ಓದಬೇಕು. ಅದು ರಕ್ತ ತೆಳುಮಾಡುವ ಔಷಧವಾಗಿದ್ದರೆ ಸರ್ಜನ್‌ಗೆ ಮೊದಲೇ ತಿಳಿಯಬೇಕು. ತಜ್ಞರಿಗೆ ಇಷ್ಟು ಹೊತ್ತು ಒಬ್ಬೊಬ್ಬರ ಬಳಿ ಕೂರಲು ಆಗುವುದಿಲ್ಲ. ಕೊಂಕಣಿ, ನವಾಯತಿ ಬಲ್ಲ ವಿದ್ಯಾರ್ಥಿ ಸಿಕ್ಕರಂತೂ ಭಟ್ಕಳದ ಸುತ್ತ ಅರ್ಧ ಕೆಲಸ ಹಗುರ.

ಆಪರೇಷನ್ ನಂತರದ್ದು ಇನ್ನೂ ಮುಖ್ಯ. ಡ್ರಾಪ್ಸ್ ವಾರಗಟ್ಟಲೆ ತಪ್ಪದೆ ಹಾಕಬೇಕು. ಕಣ್ಣಿಗೆ ಕೊಳೆನೀರು, ಸಮುದ್ರದ ನೀರು ತಾಗಬಾರದು. ಮೀನುಗಾರನ ಮನೆಯಲ್ಲಿ ಇದನ್ನು ಒಮ್ಮೆ ಹೇಳಿದರೆ ಸಾಲದು. ಕಣ್ಣು ಕೆಂಪಾಗಿ, ನೋವು ಹೆಚ್ಚಿ, ದೃಷ್ಟಿ ಮಸುಕಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಡಮಾಡಿದರೆ ಸೋಂಕು ಕಣ್ಣನ್ನೇ ಕಳೆಯಬಹುದು. ಮೂರನೆಯ ದಿನ ಫೋನ್ ಮಾಡಿ "ಹೇಗಿದೆ?" ಎಂದು ಕೇಳುವ ವಿದ್ಯಾರ್ಥಿ ಒಂದು ಕಣ್ಣು ಉಳಿಸಿದಂತೆ.

ತಪ್ಪು ಕಲ್ಪನೆ: ಹೆಚ್ಚು ಆಪರೇಷನ್ ಆದಷ್ಟೂ ಶಿಬಿರ ದೊಡ್ಡದು.

ವಾಸ್ತವ: ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ (1916–2005) ಊರೂರು ತಿರುಗಿ ಒಂದೇ ದಿನ ನೂರಾರು ಜನರ ಪೊರೆ ತೆಗೆದರು. ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಅದು ಮಹೋಪಕಾರ. ಈಗ ಊರಿನಲ್ಲಿ ತಪಾಸಣೆ, ಆಪರೇಷನ್ ಆಸ್ಪತ್ರೆಯ ಥಿಯೇಟರಿನಲ್ಲಿ ಎಂಬುದು ಸರಿಯಾದ ಕ್ರಮ. ಸಂಖ್ಯೆಯ ಹಿಂದೆ ಓಡಿದರೆ ಏನಾಗುತ್ತದೆ ಎಂಬುದನ್ನು 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ತೋರಿಸಿತು. ಅಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಗಿತ್ತು. ಹತ್ತಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟ್ ಅಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು.

ತಪ್ಪು ಕಲ್ಪನೆ: ಶಿಬಿರ ಬರುತ್ತಿದ್ದರೆ ಸಾಕು.

ವಾಸ್ತವ: ಪೊರೆ ಕಾಯುತ್ತದೆ, ಅಪೆಂಡಿಕ್ಸ್, ಕಷ್ಟದ ಹೆರಿಗೆ, ಹೆದ್ದಾರಿ 66ರ ಅಪಘಾತ ಕಾಯುವುದಿಲ್ಲ. ಜಗತ್ತಿನ 500 ಕೋಟಿ ಜನರಿಗೆ ಸುರಕ್ಷಿತ, ಕೈಗೆಟುಕುವ ಶಸ್ತ್ರಚಿಕಿತ್ಸೆ ದಕ್ಕುತ್ತಿಲ್ಲವೆಂದು ಲ್ಯಾನ್ಸೆಟ್ ಆಯೋಗ 2015ರಲ್ಲೇ ಹೇಳಿತ್ತು. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ ನಿಜ, ಆದರೆ ಭಟ್ಕಳದಿಂದ ಅದೂ ಹತ್ತಿರವಲ್ಲ.

ಶಿಬಿರಕ್ಕೆ ಹೋಗುವವರು ಮೂರು ಪ್ರಶ್ನೆ ಕೇಳಿ: ಆಪರೇಷನ್ ಮಾಡುವ ಡಾಕ್ಟರ್ ಯಾರು, ಯಾವ ಆಸ್ಪತ್ರೆಯಲ್ಲಿ, ರಾತ್ರಿ ನೋವಾದರೆ ಯಾರಿಗೆ ಫೋನ್ ಮಾಡಬೇಕು? ಉತ್ತರ ಸಿಗದಿದ್ದರೆ ಹೆಸರು ಬರೆಸಬೇಡಿ.