ಹಿಂತಿರುಗಿ ನೋಡುವ ನಾಡು

ಬಾನುಲಿಯ ಮುಳ್ಳನ್ನು ತಿರುಗಿಸುತ್ತಿರುವಾಗ ದೂರದೇಶದ ಹಾಡೊಂದು ತೇಲಿಬರುತ್ತದೆ. ಭಾಷೆ ತಿಳಿಯದು, ಆದರೂ ಕಾಲು ತಾನಾಗಿ ತಾಳ ಹಾಕತೊಡಗುತ್ತದೆ. ಜಮೈಕ ದ್ವೀಪದ ‘ರೆಗೇ’ ಸಂಗೀತ ಹೀಗೆಯೇ ಲೋಕದ ಮನೆಮನೆಯನ್ನೂ ಹೊಕ್ಕಿತು. ಆದರೆ ಕೇಳಿ ತಲೆದೂಗುವವರಲ್ಲಿ ಎಷ್ಟು ಮಂದಿ ಆ ತಾಳದ ಹಿಂದೆ ಮುನ್ನೂರು ವರ್ಷಗಳ ದಾಸ್ಯದ ಕಥೆಯಿದೆಯೆಂದು ಬಲ್ಲರು? ಆ ಕಥೆಯ ಎಳೆಗಳನ್ನು ಕಣ್ಣಿಗೂ ಕಿವಿಗೂ ತಂದುಕೊಡುವ ಚಿತ್ರವೊಂದುಂಟು. ಅಮೆರಿಕದ ಅಲನ್ ಗ್ರೀನ್‌ಬರ್ಗ್ ಎಂಬವರು 1982ರಲ್ಲಿ ಹೊರತಂದ ಅದರ ಹೆಸರು ‘ಲ್ಯಾಂಡ್ ಆಫ್ ಲುಕ್ ಬಿಹೈಂಡ್’. ‘ಹಿಂತಿರುಗಿ ನೋಡುವ ನಾಡು’ ಎಂದು ಕನ್ನಡಿಸಬಹುದು. ಇದು ಕಥಾಚಿತ್ರವಲ್ಲ, ಬೆಟ್ಟದ ರೈತ, ನಗರದ ಗಾಯಕ, ಬೀದಿಯ ಕವಿ ಇವರ ಮಾತನ್ನೂ ಹಾಡನ್ನೂ ಪೋಣಿಸಿದ ಸಾಕ್ಷ್ಯಚಿತ್ರ. ಅದನ್ನು ಅರಿತು ನೋಡಬೇಕಾದರೆ ಮೂರು ವಿಷಯಗಳು ತಿಳಿದಿರಬೇಕು: ಆ ನಾಡಿನ ಹೆಸರು, ಆ ಜನರ ನಂಬಿಕೆ, ಆ ಹಾಡಿನ ತಾಳ.

ಮೊದಲು ಹೆಸರು. ದ್ವೀಪದ ಪಶ್ಚಿಮಭಾಗದಲ್ಲಿ ಸುಣ್ಣಕಲ್ಲಿನ ಗುಡ್ಡಗಳೂ ಬಟ್ಟಲಿನಂಥ ತಗ್ಗುಗಳೂ ಹೆಣೆದುಕೊಂಡ ಕಾಡುಪ್ರದೇಶವೊಂದಿದೆ. 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ದ್ವೀಪವನ್ನು ಕಿತ್ತುಕೊಂಡರು. ಕಬ್ಬಿನ ತೋಟಗಳ ದುಡಿಮೆಗೆಂದು ಆಫ್ರಿಕದಿಂದ ಲಕ್ಷಗಟ್ಟಲೆ ಜನರನ್ನು ಹಡಗುಗಳಲ್ಲಿ ತುಂಬಿ ತಂದರು. ತಪ್ಪಿಸಿಕೊಂಡು ಹೋದವರಿಗೆ ‘ಮರೂನ್’ ಎಂದು ಹೆಸರು. ಇವರು ಈ ಕಾಡನ್ನು ಸೇರಿ ಹೋರಾಡಿದರು. ಅವರನ್ನು ಅರಸಿ ಬಂದ ಸಿಪಾಯಿಗಳು ಹೊಂಚುದಾಳಿಗೆ ಅಂಜಿ ಅಡಿಗಡಿಗೂ ಬೆನ್ನಹಿಂದೆ ನೋಡುತ್ತಿದ್ದರಂತೆ. ಅದರಿಂದಲೇ ಆ ಹೆಸರು. ಕೊನೆಗೆ 1739ರಲ್ಲಿ ಸರ್ಕಾರವೇ ಒಪ್ಪಂದ ಮಾಡಿಕೊಂಡು ಅವರ ಸ್ವಾತಂತ್ರ್ಯವನ್ನು ಮನ್ನಿಸಬೇಕಾಯಿತು. ಆದರೆ ಮುಂದೆ ಓಡಿಬರುವ ಗುಲಾಮರನ್ನು ಮರೂನರೇ ಹಿಡಿದೊಪ್ಪಿಸಬೇಕೆಂಬ ಷರತ್ತೂ ಅದರಲ್ಲಿ ಸೇರಿತ್ತು. ಒಬ್ಬ ನೊಂದವನನ್ನು ಇನ್ನೊಬ್ಬ ನೊಂದವನ ಮೇಲೆ ಕಾವಲಿಡುವುದು ಆಳುವವರ ಹಳೆಯ ಉಪಾಯವಷ್ಟೆ.

1838ರಲ್ಲಿ ಗುಲಾಮರಿಗೆ ಪೂರ್ಣ ಬಿಡುಗಡೆಯಾಯಿತು. ಬ್ರಿಟಿಷ್ ಸರ್ಕಾರ ಸಾಮ್ರಾಜ್ಯದ ಗುಲಾಮ ಒಡೆಯರಿಗೆ ಪರಿಹಾರವೆಂದು ತೆಗೆದಿಟ್ಟದ್ದು 2 ಕೋಟಿ ಪೌಂಡು. ಬೆವರು ಸುರಿಸಿದವರಿಗೆ ಬಿಡಿಗಾಸೂ ಇಲ್ಲ. 1845ರಿಂದ ನಮ್ಮ ಭಾರತದ ಕೂಲಿಗಳನ್ನೂ ಕರಾರಿನ ಮೇಲೆ ಅಲ್ಲಿಗೆ ಒಯ್ದರು. ಜಮೈಕದ ಮಾತಿನಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಗಾಂಜಾ’ ಎಂಬ ಶಬ್ದ ಅವರೊಡನೆ ಹೋದದ್ದು.

ಇನ್ನು ನಂಬಿಕೆ. ಜಮೈಕದಲ್ಲಿ 1887ರಲ್ಲಿ ಹುಟ್ಟಿದ ಮಾರ್ಕಸ್ ಗಾರ್ವಿ, ಆಫ್ರಿಕದ ಮೂಲವನ್ನು ನಾಚಿಕೆಯೆಂದು ಬಗೆಯದೆ ಹೆಮ್ಮೆಯೆಂದು ತಿಳಿಯಿರೆಂದು ತನ್ನವರಿಗೆ ಬೋಧಿಸಿದ. 1930ರಲ್ಲಿ ಇಥಿಯೋಪಿಯದ ರಾಸ್ ತಫಾರಿ ಎಂಬ ರಾಜಪುರುಷ ಹೈಲೆ ಸೆಲಾಸಿ ಎಂಬ ಹೆಸರಿನಿಂದ ಚಕ್ರವರ್ತಿಯಾದ. ಬೈಬಲ್ಲನ್ನು ಓದಿಕೊಂಡಿದ್ದ ಜಮೈಕದ ಬಡವರಲ್ಲಿ ಕೆಲವರಿಗೆ ಇದು ಭವಿಷ್ಯವಾಣಿಯೊಂದು ಫಲಿಸಿದಂತೆ ಕಂಡಿತು. ಲಿಯೊನಾರ್ಡ್ ಹೊವೆಲ್ ಮೊದಲಾದವರು ಆತನೇ ದೇವರ ಅವತಾರವೆಂದು ಸಾರಿದರು; ಹೊವೆಲನಿಗೆ 1934ರಲ್ಲಿ ರಾಜದ್ರೋಹದ ಆರೋಪದ ಮೇಲೆ ಸೆರೆವಾಸವಾಯಿತು. ಹೀಗೆ ಹುಟ್ಟಿತು ರಸ್ತಾಫಾರಿ ಪಂಥ. ಆಫ್ರಿಕ ಅವರಿಗೆ ಪುಣ್ಯಭೂಮಿ ‘ಝಯನ್’. ದಬ್ಬಾಳಿಕೆಯ ಲೋಕವೆಲ್ಲ ‘ಬ್ಯಾಬಿಲನ್’. ಜಡೆ ಅವರ ವ್ರತದ ಕುರುಹು, ಗಾಂಜಾ ಧ್ಯಾನಕ್ಕೆ ಸಾಧನ.

ಭಾಷೆಯ ಮೇಷ್ಟರಾದ ನನಗೆ ಹಿಡಿಸಿದ್ದು ಅವರ ವ್ಯಾಕರಣ. ‘ನಾವು’ ಎನ್ನುವಲ್ಲಿ ಅವರು ‘ನಾನು ಮತ್ತು ನಾನು’ ಎನ್ನುತ್ತಾರೆ. ಎಲ್ಲರೊಳಗೂ ದೇವರೊಬ್ಬನೇ ಇರುವಾಗ ಎದುರಿಗಿರುವವನೂ ‘ನಾನೇ’ ಅಲ್ಲವೆ? ಮಧ್ಯಮಪುರುಷವನ್ನು ಉತ್ತಮಪುರುಷದಲ್ಲಿ ಕರಗಿಸಿದ ಪ್ರಯೋಗವಿದು. ಇದನ್ನು ನಮ್ಮ ಅದ್ವೈತವೆಂದು ಆತುರದಿಂದ ಕರೆಯಬೇಕಾಗಿಲ್ಲ. ಇದು ‘ನೀನು’ ಎಂದು ಕೀಳಾಗಿ ಕರೆಯಿಸಿಕೊಂಡವರು ತಮಗಾಗಿ ಕಟ್ಟಿಕೊಂಡ ಮಾತು.

ಮೂರನೆಯದು ತಾಳ. ರಸ್ತಾಫಾರಿಗಳ ಪ್ರಾರ್ಥನೆಯಲ್ಲಿ ಮೂರು ಬಗೆಯ ಚರ್ಮವಾದ್ಯಗಳು ನುಡಿಯುತ್ತವೆ. ಆ ನಡೆ, ಹಳ್ಳಿಯ ‘ಮೆಂಟೊ’ ಹಾಡು, ಅಮೆರಿಕದ ಬಾನುಲಿ ನಿಲಯಗಳಿಂದ ಕೇಳಿಬರುತ್ತಿದ್ದ ಕರಿಯರ ಸಂಗೀತ ಇವೆಲ್ಲ ಬೆರೆತು 1968ರ ಸುಮಾರಿಗೆ ರೆಗೇ ರೂಪುಗೊಂಡಿತು. ಕೈಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ನೋಡಿ. ನಾವು ಗಟ್ಟಿಯಾಗಿ ತಟ್ಟುವ ಆ ಮೊದಲ ಎಣಿಕೆಯನ್ನೇ ಅನೇಕ ರೆಗೇ ಹಾಡುಗಳಲ್ಲಿ ಡೋಲು ಖಾಲಿ ಬಿಡುತ್ತದೆ. ಅದರ ಪೆಟ್ಟು ಬೀಳುವುದು ಮೂರರ ಮೇಲೆ. ಗಿಟಾರಿನ ಮಿಡಿತ ಎರಡು, ನಾಲ್ಕರ ಮೇಲೆ. ಕೇಳುವವನ ಮೈ ಆ ಖಾಲಿ ಜಾಗವನ್ನು ತುಂಬಲು ತಾನೇ ಓಲಾಡುತ್ತದೆ.

1962ರಲ್ಲಿ ಜಮೈಕ ಸ್ವತಂತ್ರವಾಯಿತು. ಆದರೆ ಮರುವರ್ಷವೇ, ಕೆಲವರು ನಡೆಸಿದ ಹಿಂಸಾಕೃತ್ಯದ ನೆಪದಲ್ಲಿ, ಸ್ವತಂತ್ರ ಸರ್ಕಾರದ ಪೊಲೀಸರು ಕಂಡಕಂಡ ರಸ್ತಾಫಾರಿಗಳನ್ನು ಹಿಡಿದು ಹೊಡೆದರು, ಜಡೆ ಕತ್ತರಿಸಿದರು. ಇದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ. ಆದರೆ ಹಾಡು ಅಷ್ಟು ದಿನ ಕಾಯಲಿಲ್ಲ. ಜಡೆಧಾರಿ ಬಾಬ್ ಮಾರ್ಲಿ ಆ ಪಂಥದ ನೋವನ್ನೂ ನಂಬಿಕೆಯನ್ನೂ ಲೋಕಕ್ಕೆಲ್ಲ ಕೇಳಿಸಿದ. 1981ರ ಮೇ 11ರಂದು, 36ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ಅದೇ ರಾಷ್ಟ್ರ ಸರ್ಕಾರೀ ಗೌರವದೊಡನೆ ಅಂತ್ಯಕ್ರಿಯೆ ನಡೆಸಿತು.

ಗ್ರೀನ್‌ಬರ್ಗ್ ಜಮೈಕಕ್ಕೆ ಹೋದದ್ದು ಆ ಅಂತ್ಯಯಾತ್ರೆಯನ್ನು ಚಿತ್ರಿಸಲೆಂದು. ಆದರೆ ಅಲ್ಲಿಗೇ ನಿಲ್ಲದೆ ಆತನ ಕ್ಯಾಮರಾ ಕಾಡಿನ ಹಳ್ಳಿಗಳಿಗೂ ಕಿಂಗ್‌ಸ್ಟನ್ ನಗರದ ಬೀದಿಗಳಿಗೂ ಹೋಯಿತು. ಗಾಯಕ ಗ್ರೆಗರಿ ಐಸಾಕ್ಸ್, ಕವಿ ಮುಟಬರೂಕ ಮುಂತಾದವರನ್ನು ಅಲ್ಲಿ ನೋಡಬಹುದು. ಪಠ್ಯಪುಸ್ತಕದಲ್ಲಿ ಎಡೆ ಸಿಗದ ಚರಿತ್ರೆಯನ್ನು ಒಂದು ಜನಾಂಗ ತನ್ನ ಡೋಲಿನಲ್ಲಿ ಕಾಪಿಟ್ಟುಕೊಂಡ ಬಗೆ ಆ ಚಿತ್ರದಿಂದ ಮನದಟ್ಟಾಗುತ್ತದೆ. 2018ರಲ್ಲಿ ಯುನೆಸ್ಕೊ ಸಂಸ್ಥೆ ರೆಗೇಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಮುಂದಿನ ಸಲ ಅಂಥ ಹಾಡು ನಿಮ್ಮ ಮನೆಯ ಬಾನುಲಿಯಲ್ಲಿ ಬಂದರೆ ಮುಳ್ಳನ್ನು ಅಲ್ಲೇ ನಿಲ್ಲಿಸಿ, ಕೈಯಲ್ಲಿ ತಾಳ ಹಾಕಿ, ಆ ಖಾಲಿ ಬಿಟ್ಟ ಮೊದಲ ಎಣಿಕೆಯನ್ನು ಕಿವಿಗೊಟ್ಟು ಕೇಳಿ.