ಮುಖ ನೋಡದ ನಂಟ ಉಳಿಸಿದ ಬೀಜ

ನಮ್ಮದು ಶಿರಾ ಕಡೆಯ ಖುಷ್ಕಿ ಹೊಲ. ಹುಣಸೆ ಮರದ ನೆರಳಲ್ಲೂ ಬೆಳೆಯುವ ಕೊರಲೆಯನ್ನು ಅಪ್ಪನ ಕಾಲದಿಂದ ಬಿತ್ತುತ್ತಾ ಬಂದಿದ್ದೇವೆ.

ಮಗ ನನ್ನನ್ನು ಸಿರಿಧಾನ್ಯ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಸೇರಿಸಿದಾಗ, 'ಮುಖ ನೋಡದವರ ಜತೆ ಏನು ಮಾತು' ಅಂದಿದ್ದೆ. ಒಂದು ದಿನ ಕೊರಲೆ ತೆನೆಯ ಫೋಟೋ ಹಾಕಿದೆ. 'ಇದು ಎಷ್ಟು ದಿನದ ಬೆಳಿರೀ?' ಅಂತ ಹಾವೇರಿ ಕಡೆಯ ರೈತರೊಬ್ಬರು ಕೇಳಿದರು. 'ಎಂಬತ್ತು ದಿನದ ಆಸುಪಾಸು' ಅಂದೆ. ಮಾತು ಹಾಗೇ ಬೆಳೆಯಿತು. ಬೆಳೆಯ ಆಸಕ್ತಿ ಇರೋರು ಯಾರು, ಮಾರಕ್ಕೆ ಬಂದೋರು ಯಾರು ಅನ್ನೋದು ನಾಲ್ಕು ಮಾತಿಗೇ ಗೊತ್ತಾಗುತ್ತೆ. 2022ರಲ್ಲಿ ಅವರಿಗೆ ಅಂಚೆಯಲ್ಲಿ ಎರಡು ಕೆ.ಜಿ. ಕೊರಲೆ ಕಳಿಸಿದೆ. ಅಲ್ಲಿಂದ ಸಾಮೆ ಬೀಜ ಬಂತು.

2023ರ ಬರದಲ್ಲಿ ನಾನು ಎರಡು ಸಲ ಬಿತ್ತಿದ್ದೂ ಒಣಗಿಹೋಯಿತು. ಮನೆಯಲ್ಲಿ ಹಿಡಿ ಬೀಜ ಉಳಿಯಲಿಲ್ಲ. ವಿಷಯ ತಿಳಿದು ಅವರು, ಹಿಂದಿನ ವರ್ಷ ಬೆಳೆದು ಎತ್ತಿಟ್ಟಿದ್ದ ಮೂರು ಕೆ.ಜಿ. ಕಳಿಸಿದರು. 'ನಿಮ್ಮ ಬೀಜ ನಿಮ್ಮ ಮನಿಗೇ ಬಂತ್ರೀ, ಅಣ್ಣಾರ' ಅಂದರು. 2024ರಲ್ಲಿ ಅದನ್ನೇ ಬಿತ್ತಿ ಬೆಳೆ ತೆಗೆದೆ.

ನಾವಿನ್ನೂ ಮುಖಾಮುಖಿ ಆಗಿಲ್ಲ. ಆದರೆ ಒಂದು ಮಾತು: ಬೀಜವನ್ನು ನಿಮ್ಮೊಬ್ಬರ ಕಣಜದಲ್ಲೇ ಇಡಬೇಡಿ. ದೂರದೂರಿನ ಒಬ್ಬ ಸ್ನೇಹಿತನಿಗೂ ಕೊಟ್ಟಿರಿ.